ಸಂಕ್ರಾಂತಿಗೊಂದು, ಮದುವೆಗೊಂದು

ಪ್ರಶ್ನೆ: ಹಬ್ಬಕ್ಕೂ ಮದುವೆಗೂ ಒಂದೇ ಸೀರೆ ಒಪ್ಪೀತೆ?
— ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಒಪ್ಪದೆಂದೇ ನನ್ನ ಮತ. ಉಳಿದ ಶುಭಕಾರ್ಯಗಳಲ್ಲಿ ವರ್ಜ್ಯವೆನಿಸುವ ಕಪ್ಪು ವರ್ಣವು, ಚಳಿಗಾಲದ ಬಿಸಿಲಿನ ಕಾವನ್ನು ಹೀರಿಕೊಳ್ಳುವುದೆಂಬ ಕಾರಣದಿಂದಲೋ ಏನೋ, ನಿಮ್ಮ ಪ್ರಾಂತದ ಸಂಕ್ರಾಂತಿಗೆ ಮಾತ್ರ ಮಾನ್ಯವಾಗಿರುವುದರಿಂದ, ಆ ಹಬ್ಬದಲ್ಲಿ ನಡೆಯುವ ಸೊಲ್ಲಾಪುರದ ಸಿದ್ಧೇಶ್ವರನ ಜಾತ್ರೆಗೆ ಹೊರಡುವಾಗ, ಕೆಂಪು ರೇಷ್ಮೆಯ ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ ಕಪ್ಪು ಇಳಕಲ್ ಸೀರೆಯನ್ನೂ ಖಣದ ಕುಬಸವನ್ನೂ ಧರಿಸಿದರೆ, ಜರಿಯ ಭಾರವಿಲ್ಲದೆಯೇ ಮುಖಕಾಂತಿಯು ಎದ್ದು ತೋರುವುದು. ಮದುವೆಗೆ ಹಸಿರು ಅಥವಾ ಅರಿಶಿನವರ್ಣದ ರೇಷ್ಮೆ ಯೋಗ್ಯ. ಎತ್ತರ ಕಡಿಮೆಯಿರುವವರು, ಅಂಗಡಿಯಾತನು ಎಷ್ಟೇ ಹೊಗಳಲಿ, ಅಗಲವಾದ ಅಂಚನ್ನು ಬಿಟ್ಟು ಕಿರಿದಾದುದನ್ನೇ ಆರಿಸತಕ್ಕದ್ದು. ಅಗಲವಾದ ಅಂಚು ನಿಲುವನ್ನು ಅಡ್ಡಲಾಗಿ ವಿಭಾಗಿಸಿ ಮತ್ತಷ್ಟು ಕುಗ್ಗಿಸುತ್ತದೆ. ಗಂಜಿ ಹಾಕಿದ ನೂಲಿನ ಸೀರೆಯು ಕೃಶಾಂಗಿಯರನ್ನು ಮೈದುಂಬಿದವರಂತೆ ತೋರಿಸುವುದು. ಬಣ್ಣವನ್ನು ಮಾತ್ರ ಹಗಲಿನ ಬೆಳಕಿನಲ್ಲಿಯೇ ಪರೀಕ್ಷಿಸಿರಿ.