ಮರಿಯಾಗದ ಮೊಟ್ಟೆ ಎಸೆಯೋ ಮೊದಲು ಒಡೆದು ನೋಡಿ

50 ನಾಟಿ ಕೋಳಿ ಮೊಟ್ಟೆ ಇನ್‌ಕ್ಯುಬೇಟರ್‌ಗೆ ಇಟ್ರಿ, 28 ಮರಿ ಬಂತು ಅಂದ್ಕೊಳ್ಳಿ. ಉಳಿದ 22 ಮೊಟ್ಟೆಯನ್ನ ತಿಪ್ಪೆಗೆ ಎಸೆದು, ಮಷೀನ್ ಸರಿಯಿಲ್ಲ ಅಂತ ಬೈದು, ಯೂಟ್ಯೂಬ್‌ನಲ್ಲಿ ಹೊಸ ಮಷೀನ್ ಹುಡುಕೋರೇ ಜಾಸ್ತಿ. ಸ್ವಲ್ಪ ತಡೀರಿ. ತಪ್ಪು ಎಲ್ಲಾಗಿದೆ ಅನ್ನೋದು ಆ 22 ಮೊಟ್ಟೆಗಳ ಒಳಗೇ ಇರುತ್ತೆ. ಕೋಳಿ ಮೊಟ್ಟೆ 21 ದಿನಕ್ಕೆ ಮರಿಯಾಗಬೇಕು. 23ನೇ ದಿನ ಉಳಿದಿದ್ದನ್ನೆಲ್ಲ ಮನೆ ಹೊರಗೆ ತಗೊಂಡು ಹೋಗಿ, ಅಗಲ ತುದಿಯಿಂದ ಒಂದೊಂದಾಗಿ ಬಿಡಿಸಿ ನೋಡಿ. ವಾಸನೆ ಬರ್ತಿರೋದನ್ನ ಮಾತ್ರ ಒಡೀಬೇಡಿ, ಸಿಡಿಯುತ್ತೆ. ಹಾಗೇ ಹೂತುಬಿಡಿ.

ಒಳಗೆ ಏನೂ ಬೆಳೆದಿಲ್ಲ, ಹಳದಿ ಹಾಗೇ ಇದೆ ಅಂದ್ರೆ ಮಷೀನ್ ತಪ್ಪಲ್ಲ. ಮೊಟ್ಟೆಗೆ ಹುಂಜ ಕೂಡಿಲ್ಲ, ಇಲ್ಲವೇ ಇಡೋಕ್ಕಿಂತ ಮೊದಲೇ ಮೊಟ್ಟೆ ಹಳತಾಗಿತ್ತು. 8ರಿಂದ 10 ಹೇಂಟೆಗೆ ಒಂದು ಚುರುಕಾದ ಹುಂಜ ಬೇಕು. ಮೊಟ್ಟೆಯನ್ನ ತಂಪಾದ ಕೋಣೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟು, ಒಂದು ವಾರದೊಳಗೆ ಕಾವಿಗೆ ಹಾಕಿ. ಇಂಥ ಮೊಟ್ಟೆ ಕಂಡುಹಿಡಿಯೋಕೆ 23 ದಿನ ಕಾಯಬೇಕಾಗಿಲ್ಲ. 7ನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಇಟ್ಟರೆ, ಜೀವ ಇರೋ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ರಕ್ತನಾಳ ಕಾಣುತ್ತೆ.

ರಕ್ತದ ಉಂಗುರ ಕಂಡ್ರೆ ಭ್ರೂಣ ಮೊದಲ ವಾರದಲ್ಲೇ ಸತ್ತಿದೆ. ಹಳೇ ಮೊಟ್ಟೆ, ಬೈಕಿನಲ್ಲಿ ಕುಲುಕಿ ತಂದ ಮೊಟ್ಟೆ, ಅಥವಾ ಉಷ್ಣಾಂಶ ಹೆಚ್ಚಾಗಿದ್ದು ಕಾರಣ. ಫ್ಯಾನ್ ಇರೋ ಮಷೀನ್‌ಗೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಅಗ್ಗದ ಮಷೀನಿನ ಡಿಸ್‌ಪ್ಲೇ ಒಂದು ಡಿಗ್ರಿ ಹೆಚ್ಚುಕಮ್ಮಿ ತೋರಿಸೋದು ಹೊಸದೇನಲ್ಲ. ಬೇರೆ ಒಂದು ಥರ್ಮಾಮೀಟರನ್ನ ಮತ್ತು ಜ್ವರ ನೋಡೋ ಥರ್ಮಾಮೀಟರನ್ನ ಒಟ್ಟಿಗೆ ಉಗುರುಬೆಚ್ಚಗಿನ ನೀರಲ್ಲಿ ಹಿಡಿದು ಹೋಲಿಸಿ. ವ್ಯತ್ಯಾಸ ಗೊತ್ತಾದ ಮೇಲೆ ಅದನ್ನ ಮೊಟ್ಟೆಗಳ ಪಕ್ಕ ಇಟ್ಟು ಡಿಸ್‌ಪ್ಲೇ ಜೊತೆ ತಾಳೆ ನೋಡಿ. ಮರಿಗಳು ಬಂದ ದಿನವೂ ಸಾಕ್ಷಿ ಹೇಳುತ್ತೆ: 19-20ನೇ ದಿನಕ್ಕೇ ಬಂದ್ರೆ ಕಾವು ಜಾಸ್ತಿ, 22 ದಾಟಿದ್ರೆ ಕಮ್ಮಿ.

ಹೊಟ್ಟೆ ಉರಿಸೋದು ಪೂರ್ತಿ ಬೆಳೆದು, ಕೊನೇ ಮೂರು ದಿನದಲ್ಲಿ ಸತ್ತ ಮರಿ. ಇಲ್ಲಿ ನಿಧಾನವಾಗಿ ನೋಡಿ. ಮರಿ ಒದ್ದೆಯಾಗಿ, ನೀರು ನೀರಾಗಿ, ಗಾಳಿ ಇರೋ ಜಾಗ ಚಿಕ್ಕದಾಗಿದ್ರೆ ಮೊದಲ 18 ದಿನ ತೇವಾಂಶ ಹೆಚ್ಚಾಗಿತ್ತು. ಒಣಗಿ ಪೊರೆಗೆ ಅಂಟಿಕೊಂಡಿದ್ರೆ ತೇವಾಂಶ ಕಮ್ಮಿಯಾಗಿತ್ತು, ಅಥವಾ ನೀವು ಆಸೆ ತಡೆಯಲಾರದೆ ಮುಚ್ಚಳ ತೆಗೀತಾ ಇದ್ರಿ. ತಲೆ ಚೂಪು ತುದಿಯಲ್ಲಿದ್ರೆ ಮೊಟ್ಟೆ ತಲೆಕೆಳಗಾಗಿ ಇಟ್ಟಿದ್ದಿರಬಹುದು.

ಮೊದಲ 18 ದಿನ 55ರಿಂದ 60, ಆಮೇಲೆ 65ರಿಂದ 70 ಪರ್ಸೆಂಟ್ ತೇವಾಂಶ ಅಂತ ಎಲ್ಲರೂ ಹೇಳ್ತಾರೆ. ಸರಿಯೇ, ಆದರೆ ಮಳೆಗಾಲದ ಮಂಗಳೂರಿಗೂ ಏಪ್ರಿಲ್‌ನ ರಾಯಚೂರಿಗೂ ಟ್ರೇಗೆ ಹಾಕೋ ನೀರು ಒಂದೇ ಆಗೋಲ್ಲ. ನಂಬೋದಿದ್ರೆ ಅಡುಗೆಮನೆಯ ತಕ್ಕಡಿ ನಂಬಿ. 50 ಗ್ರಾಂ ಮೊಟ್ಟೆ 18ನೇ ದಿನಕ್ಕೆ ಸುಮಾರು 44 ಗ್ರಾಂ ಆಗಬೇಕು. 47 ಇದ್ರೆ ಮುಂದಿನ ಸಲ ನೀರು ಕಮ್ಮಿ ಮಾಡಿ, 41 ಇದ್ರೆ ಹೆಚ್ಚು ಮಾಡಿ.

ತಿರುಗಿಸೋ ವಿಷಯ. ಹಲ್ಲಿ ಮೊಟ್ಟೆ ಇಟ್ಟ ಜಾಗದಿಂದ ತಿರುಗಿಸಿದ್ರೆ ಒಳಗಿನ ಮರಿ ಸಾಯಬಹುದು. ಕೋಳಿ ಮೊಟ್ಟೆಯದ್ದು ಉಲ್ಟಾ, ತಿರುಗಿಸದಿದ್ರೆ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತೆ. ಕೈಯಲ್ಲಿ ಮಾಡೋರು ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆ ಅಂದ್ರೆ, ಪ್ರತಿ ರಾತ್ರಿ ಒಂದೇ ಮಗ್ಗುಲಲ್ಲಿ ಮಲಗಬಾರದು. 18ನೇ ದಿನ ನಿಲ್ಲಿಸಿ.

ಕರೆಂಟ್ ಹೋದ್ರೆ ಗಾಬರಿ ಬೇಡ. ಮುಚ್ಚಳ ತೆಗೀದೆ ಮೇಲೆ ಕಂಬಳಿ ಹಾಕಿ, ಗಾಳಿ ತೂತು ಮಾತ್ರ ಮುಚ್ಚಬೇಡಿ. ಒಂದೆರಡು ಗಂಟೆ ತಣ್ಣಗಾದ್ರೆ ಭ್ರೂಣ ತಡ್ಕೊಳ್ಳುತ್ತೆ, 40 ಡಿಗ್ರಿ ದಾಟಿದ್ರೆ ತಡ್ಕೊಳ್ಳೋದು ಕಷ್ಟ. ಹೋದ ಸಮಯವನ್ನ ಮೊಬೈಲ್‌ನಲ್ಲಿ ಬರೆದಿಟ್ಕೊಳ್ಳಿ. ಒಡೆದ ಮೊಟ್ಟೆಗಳ ಫೋಟೋ ಜೊತೆ ಅದೂ ಇದ್ರೆ, ಪಶು ವೈದ್ಯರಿಗೆ ತೋರಿಸುವಾಗ ಅರ್ಧ ಕೆಲಸ ಮುಗಿದಿರುತ್ತೆ. ನೋಡಿ ಆದ ಮೇಲೆ ಎಲ್ಲವನ್ನೂ ಆಳಕ್ಕೆ ಹೂಳಿ, ನಾಯಿಗೆ ಹಾಕಬೇಡಿ, ಕೈ ಸೋಪಲ್ಲಿ ತೊಳೀರಿ. ಮಷೀನನ್ನೂ ತೊಳೆದು ಬಿಸಿಲಿಗೆ ಒಣಗಿಸಿದ ಮೇಲೇ ಮುಂದಿನ ಮೊಟ್ಟೆ ಇಡಿ.