ಕುತೂಹಲ ಉಳಿಸಿ ಏಳುವ ಕಲೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಪ್ರಕಟವಾಯಿತು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಂದೊಂದು ಪಾತ್ರ ವಹಿಸುತ್ತಾರೆ. ನಿರ್ವಾಹಕನು ಕಥೆ ನಡೆಸುತ್ತಾನೆ. ಸಂದಿಗ್ಧದಲ್ಲಿ ದಾಳ ತೀರ್ಪು ಕೊಡುತ್ತದೆ. ಕಥೆ ಹಲವೊಮ್ಮೆ ತಿಂಗಳುಗಟ್ಟಲೆ ಸಾಗುವುದರಿಂದ, ಆಟಗಾರರು ಮರುವಾರ ಮತ್ತೆ ಕೂಡುವರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆ ದಿನದ ಮುಕ್ತಾಯವನ್ನೇ ಅವಲಂಬಿಸಿದೆ.

ನುರಿತ ನಿರ್ವಾಹಕನು ಮುಗಿಯಲು ಅರ್ಧ ಗಂಟೆ ಇರುವಾಗಲೇ ಗಡಿಯಾರ ನೋಡಿಕೊಳ್ಳುತ್ತಾನೆ. ಆಗ ಹೊಸ ಕಾಳಗವನ್ನು ಆರಂಭಿಸುವುದಿಲ್ಲ. ನಡುವೆ ನಿಂತ ಕಾಳಗದಲ್ಲಿ ಯಾರಿಗೆ ಎಷ್ಟು ಪೆಟ್ಟು, ಯಾರು ಎಲ್ಲಿದ್ದರು ಎಂಬುದು ವಾರದೊಳಗೆ ಮರೆತುಹೋಗುತ್ತದೆ. ಮೊದಲು ಆ ದಿನದ ಪ್ರಶ್ನೆಯೊಂದಕ್ಕೆ ಉತ್ತರ ದೊರಕಿಸಿ, ಬಳಿಕ ಇನ್ನೊಂದನ್ನು ತೆರೆಯುತ್ತಾನೆ. ಕಳ್ಳರ ಗುಹೆ ವಶವಾಯಿತು. ಆದರೆ ಅಲ್ಲಿ ದೊರೆತ ಪತ್ರದ ಮೇಲಿನ ಮುದ್ರೆ ವೀರರನ್ನು ಕಳುಹಿಸಿದ ಅರಸನದೇ! ಆಟ ಅಲ್ಲಿಗೆ ನಿಲ್ಲಬೇಕು.

ಪ್ರತಿ ವಾರವೂ ಬೆಚ್ಚಿಬೀಳಿಸಿದರೆ ಅದೂ ಸಪ್ಪೆಯಾಗುತ್ತದೆ. ಒಮ್ಮೊಮ್ಮೆ ವೀರರು ಛತ್ರವೊಂದರಲ್ಲಿ ನಿಶ್ಚಿಂತೆಯಿಂದ ಮಲಗಿದಲ್ಲಿಗೆ ಮುಗಿಸುವುದೂ ಲೇಸು. ನಿದ್ದೆಗೆಟ್ಟು ಎಳೆದ ಆಟಕ್ಕಿಂತ, ಇನ್ನೂ ಸ್ವಲ್ಪ ಹೊತ್ತು ಇರಬಾರದಿತ್ತೇ ಎನಿಸುವಾಗ ನಿಂತ ಆಟವೇ ಸ್ನೇಹಿತರನ್ನು ಮರಳಿ ಕರೆತರುತ್ತದೆ.