ಹಾಲುಹಲ್ಲಿನ ಜೋಡಿಯನ್ನು ಜಾತ್ರೆಗೆ ತಯಾರು ಮಾಡುವುದು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಡಿಸೆಂಬರ್-ಜನವರಿಯಲ್ಲಿ ಬರುತ್ತದೆ. ಸಿದ್ಧಗಂಗೆಯದು ಶಿವರಾತ್ರಿ ಹೊತ್ತಿಗೆ. ಜಾತ್ರೆ ಹತ್ತಿರ ಬಂದಾಗ ಕರು ತೊಳೆದು, ಕೊಂಬಿಗೆ ಬಣ್ಣ ಬಳಿದು, ಲಾರಿ ಹತ್ತಿಸಿದರೆ ಆಯ್ತು ಅಂತ ತಿಳಿದವರು ಬಹಳ ಜನ. ಅಂಥ ಜೋಡಿ ಚಪ್ಪರದ ಕೆಳಗೆ ನಿಂತೇ ಇರುತ್ತದೆ, ಕೇಳುವವರು ಮುಂದಕ್ಕೆ ಹೋಗಿಬಿಡುತ್ತಾರೆ. ಕೆಲಸ ಶುರುವಾಗಬೇಕಾದ್ದು ಶ್ರಾವಣದಲ್ಲಿ.

ನಮ್ಮಂಥ ಮಳೆ ನಂಬಿದವರಿಗೆ ಹೋರಿಕರು ಶೋಕಿ ಅಲ್ಲ. ರಾಗಿ ಕೈಕೊಟ್ಟ ವರ್ಷವೂ ಹುಲ್ಲು ಅಷ್ಟೋ ಇಷ್ಟೋ ಆಗುತ್ತೆ. ಆ ಹುಲ್ಲನ್ನು ದುಡ್ಡು ಮಾಡುವ ದಾರಿ ಇದು. ಮದುವೆ, ಸಾಲದ ಕಂತು, ಮಕ್ಕಳ ಫೀಜು ಎಷ್ಟೋ ಮನೆಗಳಲ್ಲಿ ಈ ಜೋಡಿಯ ಮೇಲೇ ನಿಂತಿರುತ್ತದೆ.

ಮೊದಲು ಕರು ನೋಡಿ. ಹಳ್ಳಿಕಾರ್ ಅಂದರೆ ಮುಖ ಉದ್ದ, ಹಣೆ ಉಬ್ಬಿ ನಡುವೆ ತಗ್ಗುಗೆರೆ, ಕೊಂಬು ಬುಡದಲ್ಲಿ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿ ಚೂಪಾಗಿರಬೇಕು. ಕಿವಿ ಸಣ್ಣದು, ಗಂಗೆದೊಗಲು ಕಮ್ಮಿ, ಕಾಲು ಸಣ್ಣಗಿದ್ದರೂ ಕಟ್ಟುಮಸ್ತು. ಮೈಸೂರು ಅರಸರ ಸೈನ್ಯದ ಬಂಡಿ ಎಳೆದ ಅಮೃತಮಹಲ್ ದನಗಳಿಗೂ ಇದಕ್ಕೂ ರಕ್ತಸಂಬಂಧ. 2000ದಲ್ಲಿ ಅಂಚೆ ಇಲಾಖೆ ಹಳ್ಳಿಕಾರ್ ಚಿತ್ರದ ಸ್ಟಾಂಪನ್ನೂ ತಂದಿತು.

ಒಂಟಿ ಕರು ಎಷ್ಟು ಚೆಂದ ಇದ್ದರೂ ಅರ್ಧ ಬೆಲೆಯದೇ. ಬಣ್ಣ, ಎತ್ತರ, ಕೊಂಬಿನ ಬಾಗು ಹೊಂದುವುದನ್ನು ಎಲ್ಲರೂ ನೋಡ್ತಾರೆ. ನಡಿಗೆ ಹೊಂದುವುದನ್ನು ನೋಡುವವರು ಕಮ್ಮಿ. ಒಂದು ಬಿರುಸು, ಇನ್ನೊಂದು ಮಂದ ಆದರೆ ಆ ಜೋಡಿ ಮುಂದೆ ನೊಗದಲ್ಲೂ ಹಂಗೇ. ಇನ್ನು ಸುಳಿ ವಿಚಾರ. ಸುಳಿ ಎಲ್ಲಿದ್ದರೂ ಉಳುಮೆಗೆ ಏನೂ ಅಡ್ಡಿಯಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಕೊಳ್ಳುವವನು ಬೆನ್ನು, ಹಣೆ ಎಲ್ಲಾ ಬೆರಳಾಡಿಸಿ ಸುಳಿ ಎಣಿಸ್ತಾನೆ. ನಮ್ಮ ಅಭಿಪ್ರಾಯಕ್ಕೆ ಅವನು ದುಡ್ಡು ಕೊಡುವುದಿಲ್ಲ. ಕರು ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಬೇಕು.

ಕೈಗೆ ಪಳಗಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ದಿನಾ ಬೆಳಿಗ್ಗೆ ಹುಲ್ಲಿನ ಬತ್ತಿಯಿಂದ ಮೈ ತಿಕ್ಕಿ. ಮೈ ಹೊಳೆಯುತ್ತೆ, ಉಣ್ಣೆ ಸಿಗುತ್ತೆ, ಜೊತೆಗೆ ಕರು ಮನುಷ್ಯನ ಕೈಗೆ ಒಗ್ಗುತ್ತೆ. ಕಿವಿ, ಹೊಟ್ಟೆಯಡಿ, ಬಾಲದ ಬುಡ ಯಾವುದನ್ನೂ ಬಿಡಬೇಡಿ. ವಾರಕ್ಕೆರಡು ಸಲ ತುಟಿ ಬಿಡಿಸಿ ಹಲ್ಲು ನೋಡಿ. ಯಾಕೆಂದರೆ ಜಾತ್ರೆಯಲ್ಲಿ ಬಹುಮಾನಕ್ಕೆ ವಿಂಗಡಿಸುವುದೇ ಹಲ್ಲಿನ ಮೇಲೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದ್ದು. ನೂರು ಜನ ಬಾಯಿ ಬಿಡಿಸ್ತಾರೆ. ಒಗ್ಗದ ಕರು ಮೊದಲನೆಯವನಿಗೇ ತಲೆ ಒದರಿ ನಿಲ್ಲುತ್ತೆ. 'ಇದು ಕೆಟ್ಟ ಸ್ವಭಾವದ್ದು' ಅಂತ ಮಾತು ಹರಡಿದರೆ ಸಾಕು, ಬೆಲೆ ಬಿತ್ತು.

ಕೆಲವರು ಜಾತ್ರೆಗೆ ಹದಿನೈದು ದಿನ ಇದೆ ಅನ್ನುವಾಗ ಮೂಗು ಚುಚ್ಚಿಸಿ, ಹಸಿ ಗಾಯದಲ್ಲೇ ಹಗ್ಗ ಎಳೆಯುತ್ತಾರೆ. ಇದು ತಪ್ಪು. ಮೂಗುದಾರವನ್ನು ತಿಂಗಳುಗಳ ಮೊದಲೇ, ತಂಪು ಹೊತ್ತಲ್ಲಿ ಹಾಕಿಸಿ, ಗಾಯ ಪೂರ್ತಿ ಒಣಗುವವರೆಗೆ ಕೊರಳ ಹಗ್ಗದಲ್ಲೇ ನಡೆಸಬೇಕು. ನೋವಿನಲ್ಲಿ ಕಲಿತ ಕರುವಿಗೆ ಕೈ ಕಂಡರೇ ಭಯ. ಮೊದಲು ಹೊಲದ ಬದುವಿನಲ್ಲಿ, ಆಮೇಲೆ ಊರೊಳಗೆ, ಆಮೇಲೆ ಬಸ್ಸು ಓಡಾಡುವ ರಸ್ತೆಯಲ್ಲಿ ನಡೆಸಿ. ತಮಟೆ ಸದ್ದೂ ಕೇಳಿಸಿರಲಿ. ನಡೆಸಿ ನಿಲ್ಲಿಸಿದಾಗ ನಾಲ್ಕು ಕಾಲೂ ಸಮನಾಗಿ ಊರುವುದು ಅಭ್ಯಾಸವಾಗಬೇಕು.

ಮೇವಿಗೆ ರಾಗಿ ಹುಲ್ಲು ಆಧಾರ. ಮಳೆಗಾಲದಲ್ಲಿ ಬದುವಿನ ಹಸಿಹುಲ್ಲು, ಆಮೇಲೆ ಅವರೆ ಹೊಟ್ಟು. ಬೇಯಿಸಿದ ಹುರುಳಿ, ಸ್ವಲ್ಪ ಕಡಲೆಕಾಯಿ ಹಿಂಡಿ, ಉಪ್ಪು, ಖನಿಜ ಮಿಶ್ರಣ ಇದ್ದರೆ ಸಾಕು. ಕಾಳನ್ನು ಒಂದೊಂದು ಹಿಡಿಯಂತೆ ನಿಧಾನಕ್ಕೆ ಏರಿಸಿ. ಬೇಗ ಮೈತುಂಬಲಿ ಅಂತ ಒಂದೇ ಸಲಕ್ಕೆ ನುಚ್ಚು, ಹಿಟ್ಟು ಸುರಿದರೆ ಹೊಟ್ಟೆಯೊಳಗೆ ಹುಳಿಯಾಗಿ, ಮೆಲುಕು ನಿಂತು, ಕರು ಸತ್ತೇ ಹೋಗಬಹುದು. ಮೊಟ್ಟೆ, ಬೆಣ್ಣೆ ತಿನ್ನಿಸುವ ಪೈಪೋಟಿಯೂ ಇದೆ. ಮನೆ ಮಕ್ಕಳಿಗಿಲ್ಲದ ಬೆಣ್ಣೆ ಕರುವಿಗೆ ಯಾಕೆ? ಮೆಲುಕು ಹಾಕುವ ಪ್ರಾಣಿಗೆ ಬೇಕಾದ್ದು ಒಳ್ಳೆ ಮೇವು, ನೀರು, ಓಡಾಟ. ಬರೀ ಕೊಬ್ಬಿದ ಕರು ನೋಡಲು ಗುಂಡಗೆ ಕಂಡರೂ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಉಳುವ ರೈತ ಅದನ್ನು ಮುಟ್ಟಲ್ಲ.

ಜಂತುಹುಳದ ಔಷಧಿ ಮೊದಲೇ ಆಗಿರಲಿ. ಕಾಲುಬಾಯಿ ಜ್ವರದ ಲಸಿಕೆಯನ್ನು ಹೊರಡುವ ಹಿಂದಿನ ದಿನ ಹಾಕಿಸಿ ಪ್ರಯೋಜನವಿಲ್ಲ. ಮೈಯಲ್ಲಿ ಶಕ್ತಿ ಬರಲು ಎರಡು ಮೂರು ವಾರ ಬೇಕು. 2022ರಲ್ಲಿ ಚರ್ಮಗಂಟು ರೋಗ ಹರಡಿ, ದನಗಳ ಜಾತ್ರೆಗಳನ್ನೇ ಸರ್ಕಾರ ತಡೆಯಬೇಕಾಯಿತು. ವರ್ಷವೆಲ್ಲಾ ಸಾಕಿದ ಜೋಡಿ ಕೊಟ್ಟಿಗೆಯಲ್ಲೇ ಉಳಿಯಿತು, ಮೇವಿನ ಖರ್ಚು ಮೈಮೇಲೆ. ಅದಕ್ಕೂ ಲಸಿಕೆ ಇದೆ, ಪಶು ಡಾಕ್ಟರನ್ನು ಕೇಳಿ ಹಾಕಿಸಿ. ಕಿವಿಯ ಓಲೆಯಲ್ಲಿರುವ 12 ಅಂಕಿಯ ನಂಬರನ್ನೂ ಬರೆದಿಟ್ಟುಕೊಳ್ಳಿ.

ಕೊನೇ ವಾರ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು ಬಿಸಿಲಲ್ಲಿ ಒಣಗಿಸಿ. ಕೊಂಬನ್ನು ಮೇಲೆ ಮೇಲೆ ಹೆರೆದು ಎಣ್ಣೆ ಸವರಿದರೆ ಸಾಕು. ಕೊಂಬಿನೊಳಗೆ ಜೀವ ಇದೆ, ಆಳಕ್ಕೆ ಹೆರೆದರೆ ರಕ್ತ ಬರುತ್ತೆ. ಭಾರದ ಹಿತ್ತಾಳೆ ಕೋಡಣಸು ಎಳೆ ಕೊಂಬಿಗೆ ಬೇಡ. ಕೊರಳಿಗೆ ಗೆಜ್ಜೆ ಇರಲಿ, ಅದು ಚೆಂದ.

ಲಾರಿಯಲ್ಲಿ ಕೆಳಗೆ ಮರಳು ಅಥವಾ ಹುಲ್ಲು ಹಾಸಿ, ಜಾರದಂತೆ. ಒಂದು ದಿನ ಮೊದಲೇ ಸೇರಿದರೆ ಕರು ಸುಧಾರಿಸಿಕೊಳ್ಳುತ್ತೆ. ನೀರಿಗೆ ನಿಮ್ಮದೇ ಬಕೆಟ್ ಒಯ್ಯಿರಿ, ಎಲ್ಲ ದನ ಬಾಯಿಟ್ಟ ತೊಟ್ಟಿಗೆ ಬಿಡಬೇಡಿ. ಮಾರುವವರು ಮುಂಗಾಲು ಎತ್ತರದ ನೆಲದಲ್ಲಿ ಬರುವಂತೆ ನಿಲ್ಲಿಸುವುದುಂಟು. ತಿಳಿದವನು 'ಸಮ ನೆಲದಲ್ಲಿ ಒಂದು ಸುತ್ತು ನಡೆಸಣ್ಣ' ಅಂತಾನೆ. ಆಗ ಗೊತ್ತಾಗುವುದು ಶ್ರಾವಣದಿಂದ ನೀವು ಮಾಡಿದ ಕೆಲಸ.

ಇಷ್ಟಕ್ಕೆ ಕಮ್ಮಿ ಕೊಡಲ್ಲ ಅನ್ನುವುದನ್ನು ಮನೆಯಾಕೆಯ ಜೊತೆ ಕೂತು ಊರಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ. ಟವೆಲ್ ಕೆಳಗೆ ದಲ್ಲಾಳಿ ಬೆರಳು ಹಿಡಿದಾಗ ಲೆಕ್ಕ ಹಾಕಲು ಕೂತರೆ ತಲೆ ಓಡಲ್ಲ. ವ್ಯಾಪಾರ ಕುದುರಿದರೆ ಕರುಗಳು ಏನು ತಿಂತಿದ್ದವು ಅಂತ ಕೊಂಡವರಿಗೆ ಹೇಳಿ, ಒಂದು ಹೊರೆ ಹುಲ್ಲನ್ನೂ ಕಟ್ಟಿಕೊಡಿ. ಕುದುರದೆ ವಾಪಸು ತಂದರೆ ಎರಡು ಮೂರು ವಾರ ಮನೆಯ ಉಳಿದ ದನಗಳಿಂದ ದೂರ, ಬೇರೆ ಕಡೆ ಕಟ್ಟಿ.